ಗಂಧೆಯ ಮಾತ್ರೆಯೂ ಹೃದಯದ ಧಮನಿಯೂ

ಈ ಅಂಕಣವನ್ನು ಮೊದಲಿನಿಂದಲೂ ಓದುತ್ತ ಬಂದಿರುವ ಗೃಹಸ್ಥರೊಬ್ಬರು ಈಚೆಗೆ ನಮಗೊಂದು ದೀರ್ಘವಾದ ಪತ್ರವನ್ನು ಬರೆದಿರುತ್ತಾರೆ. ಅವರ ತಾಯಿಯವರಿಗೆ ಎಪ್ಪತ್ತು ವರ್ಷ ವಯಸ್ಸು. ಬಹುಕಾಲದಿಂದ ಮೈಮೇಲೆ ಪಿತ್ತದ ಗಂಧೆ ಏಳುವ ಪ್ರಕೃತಿ. ಅದಕ್ಕೆಂದು ವೈದ್ಯರು ಕೊಟ್ಟ ಮಾತ್ರೆಯೊಂದನ್ನು ಪ್ರತಿರಾತ್ರಿಯೂ ಸೇವಿಸುತ್ತಾರೆ. ಎರಡು ವರ್ಷಗಳ ಕೆಳಗೆ ಹೃದಯದ ಧಮನಿಯೊಂದು ಕಿರಿದಾಗಿ, ಅದರೊಳಗೆ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಇಡಿಸಬೇಕಾಯಿತು. ಹೀಗಿರಲಾಗಿ, ಮನೆಗೆ ಬಂದ ಬಂಧುಗಳೊಬ್ಬರು 'ಈ ಗಂಧೆಯ ಮಾತ್ರೆಯು ಧಮನಿಯನ್ನೂ ಕಾಪಾಡುತ್ತದಂತೆ, ಇಲಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರಂತೆ, ದಿನಕ್ಕೆ ಎರಡು ತೆಗೆದುಕೊಳ್ಳಿ' ಎಂದರಂತೆ. ಮತ್ತೊಬ್ಬರು 'ಅದೇ ಮಾತ್ರೆಯಿಂದ ಧಮನಿ ಇನ್ನೂ ಕೆಡುತ್ತದಂತೆ, ನಿಲ್ಲಿಸಿಬಿಡಿ' ಎಂದರಂತೆ. ಇವರಲ್ಲಿ ಯಾರ ಮಾತನ್ನು ನಂಬಬೇಕೆಂದು ಪತ್ರ ಬರೆದವರು ಕೇಳಿದ್ದಾರೆ.

ವಿಚಿತ್ರವೇನೆಂದರೆ, ಇಬ್ಬರು ಬಂಧುಗಳೂ ಕಲ್ಪಿಸಿ ಹೇಳಿದುದಲ್ಲ. ಎರಡು ಮಾತಿಗೂ ಆಧಾರವುಂಟು. ಆದರೂ ಎರಡರಂತೆಯೂ ನಡೆಯಕೂಡದು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಆರಂಭಿಸಬೇಕಾಗುತ್ತದೆ.

ಧಮನಿಯೆಂಬ ಶಬ್ದವು ಊದುವುದೆಂಬ ಅರ್ಥವುಳ್ಳ 'ಧ್ಮಾ' ಎಂಬ ಧಾತುವಿನಿಂದ ಹುಟ್ಟಿದುದು. ಶಂಖವನ್ನೂದುವುದಕ್ಕೂ ಕುಲುಮೆಯ ಬೆಂಕಿಯನ್ನೂದುವುದಕ್ಕೂ ಸಂಸ್ಕೃತದಲ್ಲಿ ಇದೇ ಧಾತುವೇ. ಗ್ರೀಸ್ ದೇಶದ ಪ್ರಾಚೀನ ವೈದ್ಯರಲ್ಲಿಯೂ ಕೆಲವರು, ಸತ್ತವರ ದೇಹದಲ್ಲಿ ಈ ನಾಳಗಳು ಬರಿದಾಗಿರುವುದನ್ನು ಕಂಡು, ಇವು ಗಾಳಿಯ ಕೊಳವೆಗಳೆಂದೇ ಬಗೆದಿದ್ದರು. ಅದರೊಳಗಿರುವುದು ರಕ್ತವೆಂದು ಗ್ಯಾಲೆನ್ ಎಂಬ ವೈದ್ಯನು ಸಾಧಿಸಿ ತೋರಿಸಬೇಕಾಯಿತು. ಇರಲಿ, ವ್ಯಾಕರಣದ ರುಚಿ ಹತ್ತಿದವರು ಹೀಗೆ ದಾರಿ ಬಿಟ್ಟು ಹೋಗುವುದುಂಟು.

ಧಮನಿಯ ಗೋಡೆಗೆ ಮೂರು ಪದರಗಳು. ಹೊರಗಿನದು ಹೊದಿಕೆ. ನಡುವಿನದು ಸ್ನಾಯುಗಳಿಂದಾದುದು, ಅದು ಬಿಗಿದುಕೊಂಡರೆ ನಾಳವು ಕಿರಿದಾಗುವುದು, ಸಡಿಲಿದರೆ ಹಿಗ್ಗುವುದು. ಒಳಗಿನದು ರಕ್ತಕ್ಕೆ ತಾಗಿಕೊಂಡಿರುವ ಪೊರೆ. ಅದರ ದಪ್ಪ ಒಂದೇ ಒಂದು ಜೀವಕೋಶದಷ್ಟು. ನಾವು ಹೇಳಬೇಕೆಂದಿರುವ ವಿಷಯವೆಲ್ಲವೂ ಈ ಒಳಪೊರೆಯನ್ನೇ ಆಶ್ರಯಿಸಿದೆ. ಧಮನೀರೋಗದಲ್ಲಿ ಈ ಪೊರೆಯ ಕೆಳಗಡೆ ಕೊಲೆಸ್ಟೆರಾಲ್ ಎಂಬ ಮೇದೋದ್ರವ್ಯವು ನುಸುಳಿ ನಿಲ್ಲುತ್ತದೆ; ಅದನ್ನು ನುಂಗಲು ಬಂದ ಬಿಳಿಯ ರಕ್ತಕಣಗಳೂ ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ; ಕ್ರಮೇಣ ಗಂಟು ಬೆಳೆಯುತ್ತದೆ. ಪಾಶ್ಚಾತ್ಯ ವೈದ್ಯರು ಈ ರೋಗಕ್ಕೆ ಇಟ್ಟ ಗ್ರೀಕ್ ಹೆಸರಿನ ಪೂರ್ವಪದಕ್ಕೆ ಅಂಬಲಿಯೆಂದೂ ಉತ್ತರಪದಕ್ಕೆ ಕಾಠಿನ್ಯವೆಂದೂ ಅರ್ಥ. ಗಂಟಿನ ಒಳಗಡೆ ಅಂಬಲಿಯಂಥ ತಿರುಳು, ಮೇಲುಗಡೆ ಗಟ್ಟಿಯಾದ ಚಿಪ್ಪು. ಚಿಪ್ಪು ಒಡೆದರೆ ಆ ಸ್ಥಳದಲ್ಲಿ ರಕ್ತವು ಹೆಪ್ಪುಗಟ್ಟಿ ನಾಳವನ್ನು ಮುಚ್ಚಿಬಿಡುವುದು. ಹೃದಯದ ಧಮನಿಯಲ್ಲಿ ಹೀಗಾದುದೇ ಹೆಚ್ಚಿನ ಹೃದಯಾಘಾತಗಳಿಗೆ ಕಾರಣ.

ಈ ಮೇದಸ್ಸಿನ ಲೆಕ್ಕವನ್ನು ಹಾಕಿ ತೋರಿಸಿದವರು ಜರ್ಮನಿ ದೇಶದ ರಸಾಯನಶಾಸ್ತ್ರಜ್ಞರಾದ ಅಡಾಲ್ಫ್ ವಿಂಡೌಸ್ ಎಂಬವರು. ೧೯೧೦ರಲ್ಲಿ ಅವರು ರೋಗದಿಂದ ಕೆಟ್ಟ ಮಹಾಧಮನಿಗಳನ್ನೂ ಕೆಡದವನ್ನೂ ಹೋಲಿಸಿ, ಕೊಬ್ಬಿನ ಆಮ್ಲದೊಡನೆ ಕೂಡಿದ ಕೊಲೆಸ್ಟೆರಾಲ್ ಕೆಟ್ಟವುಗಳಲ್ಲಿ ೨೦ ಪಟ್ಟಿಗೂ ಮಿಗಿಲಾಗಿದೆಯೆಂದು ಕಂಡರು. ಆಶ್ಚರ್ಯದ ಸಂಗತಿಯೆಂದರೆ, ಇದೇ ವಿಂಡೌಸರು ಅದಕ್ಕೆ ಮೂರು ವರ್ಷ ಮುಂಚೆ, ೧೯೦೭ರಲ್ಲಿ, ಫೋಗ್ಟ್ ಎಂಬವರೊಡನೆ ಸೇರಿ, ಈಗ ಹಿಸ್ಟಮಿನ್ ಎಂದು ಪ್ರಸಿದ್ಧವಾಗಿರುವ ಪದಾರ್ಥವನ್ನು ಮೊಟ್ಟಮೊದಲು ತಯಾರಿಸಿದ್ದರು. ಒಬ್ಬರೇ ಪಂಡಿತರ ಕೈಯಲ್ಲಿ ಹಾದುಹೋದ ಈ ಎರಡು ದ್ರವ್ಯಗಳನ್ನು ಒಂದೇ ಗೋಡೆಯೊಳಗೆ ಜೊತೆಯಾಗಿ ಕಾಣುವುದಕ್ಕೆ ಶಾಸ್ತ್ರಕ್ಕೆ ಬಹುಕಾಲ ಹಿಡಿಯಿತು.

ಹಿಸ್ಟಮಿನ್ ಪ್ರಾಣಿದೇಹದಲ್ಲಿ ಏನನ್ನು ಮಾಡುವುದೆಂಬುದನ್ನು ೧೯೧೦ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಲೇಡ್ಲಾ ಎಂಬವರು ವರ್ಣಿಸಿದರು. ಅದನ್ನು ಪ್ರಾಣಿಗಳ ರಕ್ತಕ್ಕೆ ಸೇರಿಸಿದರೆ ರಕ್ತದ ಒತ್ತಡವು ಕುಸಿಯುತ್ತಿತ್ತು, ಗಿನಿಯಿಲಿಗಳ ಶ್ವಾಸನಾಳಗಳು ಬಿಗಿದುಕೊಳ್ಳುತ್ತಿದ್ದುವು. ೧೯೨೭ರಲ್ಲಿ ಡೇಲರೂ ಅವರ ಜೊತೆಯವರೂ ಆಗತಾನೆ ತೆಗೆದ ಯಕೃತ್ತು ಶ್ವಾಸಕೋಶಗಳಿಂದಲೇ ಅದನ್ನು ಬೇರ್ಪಡಿಸಿ, ಇದು ಶರೀರದಲ್ಲಿ ಸ್ವಭಾವತಃ ಇರತಕ್ಕ ವಸ್ತುವೆಂದು ಸಾಧಿಸಿದರು. ನಾವು ತಿನ್ನುವ ಬೇಳೆ, ಹಾಲು, ಮಾಂಸಗಳಲ್ಲಿರುವ ಹಿಸ್ಟಿಡಿನ್ ಎಂಬ ಅಂಶವೇ ಇದಕ್ಕೆ ಮೂಲ. ದೇಹವು ಅದನ್ನು ಸ್ವಲ್ಪ ಮಾರ್ಪಡಿಸಿ, ಮಾಸ್ಟ್ ಕೋಶಗಳೆಂಬ ಉಗ್ರಾಣಗಳಲ್ಲಿ ಕೂಡಿಡುತ್ತದೆ. ೧೮೭೮ರಲ್ಲಿ ಪೌಲ್ ಎಯರ್ಲಿಖ್ ಎಂಬ ವಿದ್ಯಾರ್ಥಿಯು ಈ ಕೋಶಗಳಿಗೆ, ಕಣಗಳಿಂದ ತುಂಬಿ ಚೆನ್ನಾಗಿ ಉಂಡವುಗಳಂತೆ ಕಂಡುದರಿಂದ, ಪುಷ್ಟವಾದವು ಎಂಬರ್ಥದ ಹೆಸರಿಟ್ಟನು. ಆ ಕಣಗಳಲ್ಲಿರುವುದು ಹಿಸ್ಟಮಿನ್ ಎಂಬುದು ಗೊತ್ತಾದುದು ೧೯೫೩ರ ಸುಮಾರಿಗೆ.

ಇದರ ಪ್ರಭಾವವನ್ನು ಕಾಣಲು ಪ್ರಯೋಗಶಾಲೆಗೇ ಹೋಗಬೇಕಾಗಿಲ್ಲ. ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ, ಶಬ್ದರೂಪಗಳನ್ನು ಒಪ್ಪಿಸಲಾರದ ಕೆಲವು ಹುಡುಗರು ಹಿಂದಿನ ಮಣೆಯಲ್ಲಿ ಕುಳಿತು ಲೇಖನಿಯ ಮೊಂಡು ತುದಿಯಿಂದ ಮುಂಗೈಮೇಲೆ ತಮ್ಮ ಹೆಸರನ್ನು ಗೀಚಿಕೊಳ್ಳುತ್ತಿದ್ದರು. ಅವರಲ್ಲೊಬ್ಬನ ಕೈಯಲ್ಲಿ ಮಾತ್ರ ಆ ಅಕ್ಷರಗಳು ಕ್ಷಣಾರ್ಧದಲ್ಲಿ ಕೆಂಪಗಾಗಿ, ಸುತ್ತಲೂ ಕೆಂಪು ಹರಡಿ, ಬಳಿಕ ಉಬ್ಬಿ ನಿಲ್ಲುತ್ತಿದ್ದುವು. ಅವನು ತರಗತಿಗೆಲ್ಲ ಒಂದು ಪ್ರದರ್ಶನವಾಗಿದ್ದನು. ಲಂಡನ್ನಿನ ಥಾಮಸ್ ಲೂಯಿಸ್ ಎಂಬ ವೈದ್ಯರು ೧೯೨೭ರಲ್ಲಿ ವಿಸ್ತಾರವಾಗಿ ವಿವರಿಸಿದುದು ಇದೇ ಮೂರು ಹಂತಗಳನ್ನು: ಕೆಂಪುಗೆರೆ, ಸುತ್ತಿನ ಕೆಂಪು, ಉಬ್ಬು. ಗೀಚಿದಾಗ ಚರ್ಮದಲ್ಲಿ ಹಿಸ್ಟಮಿನ್ನಿನಂಥ ವಸ್ತುವೊಂದು ಬಿಡುಗಡೆಯಾಗಿ ರಕ್ತನಾಳಗಳನ್ನು ಹಿಗ್ಗಿಸಿ ಸೋರುವಂತೆ ಮಾಡುತ್ತದೆಂಬುದು ಅವರ ತೀರ್ಮಾನ. ಗಂಧೆ ಏಳುವುದೂ ಹೀಗೆಯೇ. ಗಂಧೆಯಲ್ಲಿ ಕಾಣುವುದು ಚರ್ಮವಾದರೂ ಅಲ್ಲಿ ಕೆಲಸ ನಡೆದಿರುವುದು ರಕ್ತನಾಳದಲ್ಲಿ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಆದರೆ ಹಿಸ್ಟಮಿನ್ ತಾನಾಗಿಯೇ ಏನನ್ನೂ ಮಾಡಲಾರದು. ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಜೀವಕೋಶದ ಮೇಲೆ ಇರಬೇಕು. ಗ್ರಾಹಕರೆಂದರೆ ಪತ್ರಿಕೆಗಳಲ್ಲಿ ಚಂದಾ ಕೊಟ್ಟವರೆಂದು ಅರ್ಥ. ಇಲ್ಲಿಯೂ ಹೆಚ್ಚು ಭೇದವಿಲ್ಲ. ಅಂಚೆಯವನು ತರುವ ಪತ್ರಿಕೆ ಒಂದೇ ಆದರೂ ಒಬ್ಬನು ಅದನ್ನು ಓದಿ ನಗುವನು, ಮತ್ತೊಬ್ಬನು ಸಿಟ್ಟಾಗುವನು. ೧೯೩೭ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್-ಮರೀ ಸ್ಟೌಬ್ ಎಂಬವರು ಹಿಸ್ಟಮಿನ್ನನ್ನು ತಡೆಯುವ ಮೊದಲ ದ್ರವ್ಯವನ್ನು ಕಂಡುಕೊಂಡರು. ಅನಂತರ ಬಂದ ಅದರ ಸಂತತಿಯು ಗಂಧೆಯನ್ನೂ ನೆಗಡಿಯ ಸೀನನ್ನೂ ಅಡಗಿಸಿತು. ಆದರೆ ಹಿಸ್ಟಮಿನ್ನಿನಿಂದ ಜಠರದಲ್ಲಿ ಉಕ್ಕುವ ಹುಳಿಯನ್ನು ಮಾತ್ರ ತಡೆಯಲಿಲ್ಲ. ಇದರಿಂದ ಗ್ರಾಹಕಗಳು ಒಂದೇ ಬಗೆಯವಲ್ಲವೆಂಬ ಶಂಕೆ ಹುಟ್ಟಿತು. ೧೯೭೨ರಲ್ಲಿ ಜೇಮ್ಸ್ ಬ್ಲ್ಯಾಕ್ ಎಂಬವರೂ ಅವರ ಸಂಗಡಿಗರೂ ಎರಡನೆಯ ಬಗೆಯನ್ನು ಸ್ಥಾಪಿಸಿದರು. ಮೊದಲಿನದಕ್ಕೆ ಎಚ್-೧ ಎಂದೂ ಎರಡನೆಯದಕ್ಕೆ ಎಚ್-೨ ಎಂದೂ ಹೆಸರು. ಮುಂದೆ ನರತಂತುಗಳಲ್ಲಿ ಮೂರನೆಯದೂ, ಬಿಳಿಯ ರಕ್ತಕಣಗಳಲ್ಲಿ ನಾಲ್ಕನೆಯದೂ ತಿಳಿದುಬಂದುವು. ಅವು ನಮಗೆ ಇಲ್ಲಿ ಅಷ್ಟಾಗಿ ಬೇಕಾಗಿಲ್ಲ. ಗಂಧೆಯ ಮಾತ್ರೆಗಳು ಎಚ್-೧ನ್ನು ಮುಚ್ಚುವುವು. ಎದೆಯುರಿಗೆ ಕೊಡುವ ಫ್ಯಾಮೊಟಿಡಿನ್ ಮುಂತಾದುವು ಎಚ್-೨ನ್ನು ಮುಚ್ಚುವುವು.

ಇನ್ನು ಧಮನಿಯ ಒಳಕ್ಕೆ ಹೋಗೋಣ. ಒಳಪೊರೆಯ ಕೋಶಗಳ ಮೇಲೂ ಎಚ್-೧ ಉಂಟು, ಅದರ ಹೊರಗಿನ ಸ್ನಾಯುಪದರದ ಮೇಲೂ ಉಂಟು. ಒಳಪೊರೆ ಆರೋಗ್ಯವಾಗಿರುವಾಗ ಹಿಸ್ಟಮಿನ್ ಬಂದು ತಟ್ಟಿದರೆ, ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಡಿಸಿ ಸ್ನಾಯುವನ್ನು ಸಡಿಲಿಸುತ್ತದೆ, ನಾಳವು ಹಿಗ್ಗುತ್ತದೆ. ಒಳಪೊರೆ ಕೆಟ್ಟಿರುವ ಸ್ಥಳದಲ್ಲಾದರೋ ಸಡಿಲಿಸುವ ಸಂದೇಶವನ್ನು ಕಳುಹಿಸುವವರೇ ಇಲ್ಲ. ಅಲ್ಲಿ ಹಿಸ್ಟಮಿನ್ ನೇರವಾಗಿ ಸ್ನಾಯುವನ್ನು ಮುಟ್ಟುತ್ತದೆ; ಸ್ನಾಯು ಬಿಗಿದುಕೊಳ್ಳುತ್ತದೆ. ಅಂದರೆ, ಅದೇ ವಸ್ತು, ಅದೇ ಬಗೆಯ ಗ್ರಾಹಕ. ಆರೋಗ್ಯವಂತನ ಧಮನಿಯಲ್ಲಿ ಅರಳಿಸುವುದು, ರೋಗಿಯ ಧಮನಿಯಲ್ಲಿ ಹಿಂಡುವುದು. ಒಳಪೊರೆಗೆ ಇಂಥದೊಂದು ಅಧಿಕಾರವುಂಟೆಂಬುದನ್ನು ಬೇರೊಂದು ದ್ರವ್ಯವನ್ನು ಬಳಸಿ ೧೯೮೦ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಎಂಬವರು ತೋರಿಸಿಕೊಟ್ಟರು. ಮರುವರ್ಷವೇ, ಧಮನಿಯು ಆಗಾಗ ತಾನಾಗಿ ಹಿಂಡಿಕೊಂಡು ಎದೆನೋವು ಬರುತ್ತಿದ್ದ ರೋಗಿಗಳಿಗೆ ಹಿಸ್ಟಮಿನ್ ಕೊಟ್ಟು ನೋಡಿದಾಗ, ಕೆಲವರಲ್ಲಿ ಹೃದಯದ ಧಮನಿ ಬಿಗಿದುಕೊಂಡುದು ವೈದ್ಯರ ಕಣ್ಣಿಗೇ ಕಂಡಿತು.

ಎರಡನೆಯದು ಸೋರಿಕೆ. ಹಿಸ್ಟಮಿನ್ ತಾಗಿದಾಗ ಸಣ್ಣ ರಕ್ತನಾಳಗಳ ಒಳಪೊರೆಯ ಕೋಶಗಳು ಒಂದರಿಂದೊಂದು ಸರಿದು ನಡುವೆ ಸಂದುಗಳಾಗುವುದನ್ನು ೧೯೬೧ರಲ್ಲಿ ಮಾಯ್ನೊ ಮತ್ತು ಪಲಾಡೆ ಎಂಬವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಚರ್ಮದಲ್ಲಿ ಇಂಥ ಸಂದಿನಿಂದ ನೀರು ಹೊರಗೆ ಸೋರಿದರೆ ಗಂಧೆ. ದೊಡ್ಡ ಧಮನಿಯಲ್ಲಿ ಪೊರೆಯ ಬಿಗಿ ಸಡಿಲಿದರೆ ಕೊಲೆಸ್ಟೆರಾಲನ್ನು ಹೊತ್ತ ಕಣಗಳು ಗೋಡೆಯೊಳಕ್ಕೆ ಹೋಗಲು ದಾರಿಯಾಗದೆ? ಪ್ರಶ್ನೆ ಸಹಜವಾದುದೇ. ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಪೆಟ್ರಿ ಕೊವಾನೆನ್ ಎಂಬವರೂ ಅವರ ಸಹಾಯಕರೂ ೧೯೯೪-೯೫ರಲ್ಲಿ, ಹೃದಯದ ಧಮನಿಗಳ ಗಂಟುಗಳನ್ನು ಶೋಧಿಸಿ, ಹಿಸ್ಟಮಿನ್ನಿನ ಉಗ್ರಾಣಗಳಾದ ಮಾಸ್ಟ್ ಕೋಶಗಳು ಅಲ್ಲಿ ಸೇರಿರುವುದನ್ನು ತೋರಿಸಿದರು. ಅವು ಹೆಚ್ಚಾಗಿ ಕಂಡುದು ಗಂಟಿನ ಅಂಚಿನಲ್ಲಿ, ಎಂದರೆ ಚಿಪ್ಪು ಒಡೆಯುವುದಕ್ಕೆ ಹೆಚ್ಚು ಆಸ್ಪದವಿರುವ ಜಾಗದಲ್ಲಿಯೇ. ಹೃದಯಾಘಾತದಿಂದ ಸತ್ತವರಲ್ಲಿ ಒಡೆದ ಸ್ಥಳದ ಬಳಿ ಅವು ಗುಂಪುಕೂಡಿದ್ದುವು. ಮಾಸ್ಟ್ ಕೋಶಗಳು ಚೆಲ್ಲುವುದು ಹಿಸ್ಟಮಿನ್ ಒಂದನ್ನೇ ಅಲ್ಲ. ಚಿಪ್ಪನ್ನು ಕೊರೆಯತಕ್ಕ ಬೇರೆ ದ್ರವ್ಯಗಳನ್ನೂ ಚೆಲ್ಲುತ್ತವೆ. ಆದಕಾರಣ ಅಪರಾಧವನ್ನೆಲ್ಲ ಹಿಸ್ಟಮಿನ್ನಿನ ತಲೆಗೇ ಕಟ್ಟುವುದು ನ್ಯಾಯವಲ್ಲ.

ಈಗ ಬಂಧುಗಳ ಇಲಿಗಳ ಸಂಗತಿಗೆ ಬರೋಣ. ಇಲಿಗಳಿಗೆ ಸಾಧಾರಣವಾಗಿ ಧಮನೀರೋಗ ಬರುವುದಿಲ್ಲ. ಕೊಲೆಸ್ಟೆರಾಲನ್ನು ರಕ್ತದಿಂದ ತೆಗೆದುಹಾಕಲು ಬೇಕಾದ ಒಂದು ಅಂಶವನ್ನು ಹುಟ್ಟಿನಿಂದಲೇ ಇಲ್ಲದಂತೆ ಮಾಡಿದ ಇಲಿಗಳನ್ನು ಇದಕ್ಕಾಗಿಯೇ ಸಾಕುತ್ತಾರೆ. ೨೦೧೦ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಪಂಡಿತರು ಇಂಥ ಇಲಿಗಳಿಗೆ ಎಚ್-೧ನ್ನು ಮುಚ್ಚುವ ಮೆಪಿರಮಿನ್ ಎಂಬ ಹಳೆಯ ಔಷಧವನ್ನು ಕೊಟ್ಟಾಗ, ಕೊಲೆಸ್ಟೆರಾಲ್ ಗೋಡೆಯೊಳಕ್ಕೆ ನುಸುಳುವುದು ಕಡಮೆಯಾಗಿ ಗಂಟುಗಳೂ ಕಡಮೆಯಾದುವು. ಎಚ್-೨ನ್ನು ಮುಚ್ಚಿದರೆ ಈ ಲಾಭ ಸಿಗಲಿಲ್ಲ. ೨೦೧೧ರಲ್ಲಿ ಜಪಾನಿನವರು ಹಿಸ್ಟಮಿನ್ನನ್ನೇ ತಯಾರಿಸಲಾರದ ಇಲಿಗಳನ್ನು ಪರೀಕ್ಷಿಸಿದರು. ರಕ್ತದಲ್ಲಿ ಕೊಲೆಸ್ಟೆರಾಲ್ ಇಳಿಯದಿದ್ದರೂ ಅವುಗಳ ಧಮನಿಯಲ್ಲಿ ಗಂಟುಗಳು ಕಡಮೆಯೇ ಇದ್ದುವು. ಮೊದಲನೆಯ ಬಂಧುಗಳು ಓದಿದುದು ಇವನ್ನಿರಬೇಕು. ಆದರೆ ೨೦೧೪ರಲ್ಲಿ ಅಮೆರಿಕದ ಕ್ಯಾನ್ಸಸ್ ಪ್ರಾಂತದವರು, ನಮ್ಮ ಊರುಗಳ ಔಷಧದ ಅಂಗಡಿಗಳಲ್ಲಿಯೂ ದಿನವೂ ಮಾರಾಟವಾಗುವ ಸೆಟ್ರಿಜಿನ್ ಮತ್ತು ಫೆಕ್ಸೊಫೆನಡಿನ್ ಎಂಬ ಎಚ್-೧ ಮಾತ್ರೆಗಳನ್ನು ಅದೇ ಜಾತಿಯ ಇಲಿಗಳಿಗೆ ಬಹುಕಾಲ ಕಡಮೆ ಪ್ರಮಾಣದಲ್ಲಿ ತಿನ್ನಿಸಿದಾಗ ಗಂಟುಗಳು ಹೆಚ್ಚಿದುವು. ಇದು ಎರಡನೆಯ ಬಂಧುಗಳ ಆಧಾರ.

ಒಂದೇ ಗ್ರಾಹಕವನ್ನು ಮುಚ್ಚುವ ಎರಡು ಮಾತ್ರೆಗಳು, ಒಂದೇ ಜಾತಿಯ ಇಲಿ, ಫಲಗಳು ಮಾತ್ರ ಎದುರುಬದುರು. ಶಾಸ್ತ್ರಾರ್ಥದಲ್ಲಿ ಎರಡು ಪ್ರಮಾಣಗಳು ಹೀಗೆ ವಿರೋಧಿಸಿದರೆ ತೀರ್ಪನ್ನು ತಡೆದಿಡುವುದೇ ಪದ್ಧತಿ. ನಮ್ಮ ಅಭಿಪ್ರಾಯವೂ ಅದೇ. ಮನುಷ್ಯರಲ್ಲಿ ಗಂಧೆಯ ಮಾತ್ರೆಯು ಧಮನೀರೋಗಕ್ಕೆ ಔಷಧವೆಂದು ಸಿದ್ಧಪಡಿಸಿದ ಪರೀಕ್ಷೆ ಯಾವುದೂ ಇಲ್ಲ. ಹೃದಯವೈದ್ಯರು ಅದನ್ನು ಆ ಕೆಲಸಕ್ಕೆ ಬರೆದುಕೊಡುವುದೂ ಇಲ್ಲ. ಒಂದರ ಬದಲು ಎರಡು ನುಂಗುವುದರಲ್ಲಿ ಅಪಾಯವೂ ಇದೆ. ಹಳೆಯ ಬಗೆಯ ಮಾತ್ರೆಗಳು ವೃದ್ಧರಿಗೆ ಮಂಪರು ತರುತ್ತವೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಂಡ ಮುದುಕಿಯರುಂಟು. ಟರ್ಫೆನಡಿನ್ ಎಂಬ ಮಾತ್ರೆಯು ಬೇರೆ ಕೆಲವು ಔಷಧಗಳೊಡನೆ ಸೇರಿದಾಗ ಹೃದಯದ ಬಡಿತದ ಲಯವನ್ನೇ ಕೆಡಿಸುತ್ತದೆಂದು ಕಂಡುಬಂದು, ೧೯೯೮ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ಹಿಂತೆಗೆಯಬೇಕಾಯಿತು. ಹಾಗೆಂದು ಇಲಿಯ ಭಯದಿಂದ, ಗಂಧೆಗೆ ವೈದ್ಯರು ಕೊಟ್ಟುದನ್ನು ನಿಲ್ಲಿಸಿ ವೃದ್ಧೆಯನ್ನು ತುರಿಕೆಯಲ್ಲಿ ಉರುಳಾಡಿಸುವುದೂ ಸಲ್ಲದು. ಕೊಟ್ಟಷ್ಟನ್ನು ಕೊಟ್ಟಂತೆ ಸೇವಿಸತಕ್ಕದ್ದು.

ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಸ್ಟೆಂಟ್ ಇಟ್ಟವರಿಗೆ ರಕ್ತ ಹೆಪ್ಪುಗಟ್ಟದಿರಲೆಂದು ಆಸ್ಪಿರಿನ್ ಕೊಡುವುದು ವಾಡಿಕೆ. ಕೆಲವರಿಗೆ ಆ ಆಸ್ಪಿರಿನ್ನೇ ಗಂಧೆಯನ್ನು ಕೆರಳಿಸುವುದುಂಟು. ಸ್ಟೆಂಟ್ ಬಂದಮೇಲೆ ಗಂಧೆ ಹೆಚ್ಚಾಗಿದ್ದರೆ ಹೃದಯವೈದ್ಯರಿಗೆ ಅದನ್ನು ಹೇಳಬೇಕು. ಅವರ ಅಪ್ಪಣೆಯಿಲ್ಲದೆ ಆಸ್ಪಿರಿನ್ ನಿಲ್ಲಿಸಿದರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಸಂಚಕಾರ ಬಂದೀತು.

ಗೃಹಸ್ಥರಿಗೆ ಇವೆಲ್ಲಕ್ಕಿಂತ ಹೆಚ್ಚು ಉಪಯುಕ್ತವಾದ ಸಂಗತಿಯೊಂದು ಉಳಿದಿದೆ. ೧೯೯೧ರಲ್ಲಿ ಗ್ರೀಸ್ ದೇಶದ ನಿಕೊಲಸ್ ಕೌನಿಸ್ ಎಂಬ ಹೃದಯವೈದ್ಯರು ತಮ್ಮ ಸಹೋದ್ಯೋಗಿಯೊಡನೆ, ಒಗ್ಗದ ವಸ್ತುವಿನಿಂದ ಮಾಸ್ಟ್ ಕೋಶಗಳು ಒಮ್ಮೆಲೇ ಬಿಚ್ಚಿಕೊಂಡಾಗ ಹೃದಯದ ಧಮನಿ ಹಿಂಡಿಕೊಂಡು ಎದೆನೋವು ಬರುವುದನ್ನು ನಿರೂಪಿಸಿದರು. ಈಗ ಅದಕ್ಕೆ ಅವರದೇ ಹೆಸರು. ಧಮನಿಯಲ್ಲಿ ಯಾವ ರೋಗವೂ ಇಲ್ಲದವರಲ್ಲಿಯೂ ಇದು ಬರುವುದುಂಟು. ಮೊದಲೇ ಗಂಟುಗಳಿದ್ದವರಲ್ಲಿ ಗಂಟು ಒಡೆದು ನಿಜವಾದ ಆಘಾತವೇ ಆಗಬಹುದು. ಸ್ಟೆಂಟ್ ಇಟ್ಟವರಲ್ಲಿ ಸ್ಟೆಂಟಿನ ಸ್ಥಳದಲ್ಲಿಯೇ ಹೆಪ್ಪುಗಟ್ಟುವುದುಂಟು. ಜೇನುನೊಣ, ಕಣಜಗಳ ಕಡಿತ, ಪೆನಿಸಿಲಿನ್ ವರ್ಗದ ಔಷಧಗಳು, ನೋವಿನ ಮಾತ್ರೆಗಳು, ಕೆಲವು ಆಹಾರಗಳು — ಇವು ನಿಮಿತ್ತಗಳೆಂದು ವರದಿಯಾಗಿವೆ. ಕರಾವಳಿಯ ಗೃಹಿಣಿಯರಿಗೆ ಒಂದು ಮಾತು: ಬಂಗುಡೆಯಂಥ ಮೀನುಗಳನ್ನು ಮಂಜುಗಡ್ಡೆಯಿಲ್ಲದೆ ಬಿಸಿಲಿನಲ್ಲಿ ಇಟ್ಟರೆ, ಸೂಕ್ಷ್ಮಜೀವಿಗಳು ಅದರ ಮಾಂಸದಲ್ಲಿಯೇ ಹಿಸ್ಟಮಿನ್ನನ್ನು ಹುಟ್ಟಿಸುತ್ತವೆ. ಎಷ್ಟು ಕುದಿಸಿದರೂ, ಎಷ್ಟು ಹುಳಿ ಖಾರ ಹಾಕಿದರೂ ಅದು ನಾಶವಾಗುವುದಿಲ್ಲ. ಅಂಥ ಮೀನನ್ನು ತಿಂದವರಿಗೆ ಮುಖ ಕೆಂಪೇರಿ ತಲೆನೋವು, ಎದೆಬಡಿತ, ಗಂಧೆಗಳು ಬಂದಾಗ, ಮೀನು ತಮಗೆ ಒಗ್ಗದೆಂದು ಭ್ರಮಿಸುವರು. ಒಗ್ಗದಿರುವುದು ಕೆಟ್ಟ ಮೀನು ಮಾತ್ರ.

ಜೇನು ಕಡಿದ ಮೇಲೋ ಸೂಜಿ ಚುಚ್ಚಿಸಿಕೊಂಡ ಮೇಲೋ ಮೈಯೆಲ್ಲ ಗಂಧೆಯೆದ್ದು, ತುಟಿ ಬಾತು, ಎದೆ ಹಿಂಡುತ್ತಿದೆಯೆಂದು ಮನೆಯವರಲ್ಲಿ ಯಾರಾದರೂ ಹೇಳಿದರೆ, ಅದನ್ನು ಗಾಬರಿಯೆಂದು ತಳ್ಳಿಹಾಕಿ ಗಂಧೆಯ ಮಾತ್ರೆಯನ್ನು ನುಂಗಿಸಿ ಮಲಗಿಸುವುದು ನಮ್ಮ ಮನೆಗಳಲ್ಲಿ ನಡೆದುಬಂದ ರೂಢಿ. ಆ ಮಾತ್ರೆಯು ತುರಿಕೆಯನ್ನು ತಗ್ಗಿಸೀತೇ ಹೊರತು ಕುಸಿಯುವ ರಕ್ತದ ಒತ್ತಡವನ್ನು ಎತ್ತಲಾರದು, ಮುಚ್ಚುವ ಗಂಟಲನ್ನು ಬಿಡಿಸಲಾರದು. ಅದಕ್ಕೆ ಮೊದಲನೆಯ ಔಷಧವು ತೊಡೆಯ ಸ್ನಾಯುವಿಗೆ ಚುಚ್ಚುವ ಅಡ್ರಿನಲಿನ್. ಅದು ವೈದ್ಯರ ಕೈಯಲ್ಲಿರುವುದು. ಆದುದರಿಂದ ಕ್ಷಣವೂ ತಡೆಯದೆ ೧೦೮ಕ್ಕೆ ಕರೆಮಾಡಬೇಕು. ರೋಗಿಯನ್ನು ನಡೆಸಕೂಡದು, ತಲೆಸುತ್ತುತ್ತಿದ್ದರೆ ಮಲಗಿಸಿ ಕಾಲನ್ನು ಎತ್ತರಿಸಿಡಬೇಕು, ಉಸಿರು ಕಟ್ಟುತ್ತಿದ್ದರೆ ಕಾಲು ನೀಡಿ ಒರಗಿ ಕುಳಿತುಕೊಳ್ಳಲು ಬಿಡಬಹುದು, ಏಳಿಸಿ ನಿಲ್ಲಿಸಬಾರದು. ಆಸ್ಪತ್ರೆಯಲ್ಲಿ 'ಗಂಧೆ ಎದ್ದಿದೆ' ಎಂದಷ್ಟೇ ಹೇಳದೆ, ಎದೆ ಹಿಂಡಿತೆಂಬುದನ್ನೂ ಬಾಯಿಬಿಟ್ಟು ಹೇಳಿ, ಹೃದಯದ ವಿದ್ಯುಲ್ಲೇಖವಾದ ಇಸಿಜಿಯನ್ನು ತೆಗೆಯಿಸಬೇಕು. ಸ್ಟೆಂಟ್ ಇದ್ದರೆ ಅದನ್ನೂ ಮೊದಲೇ ತಿಳಿಸಬೇಕು. ಹಿಂದೆ ಯಾವ ಔಷಧದಿಂದ ಗಂಧೆ ಎದ್ದಿತ್ತೋ ಅದರ ಹೆಸರನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರಗಳಿಂದ ಬರೆದು, ಇಸಿಜಿಯ ಕಾಗದಗಳಿರುವ ಚೀಲದಲ್ಲಿಯೇ ಮೇಲುಗಡೆ ಇಟ್ಟಿರುವುದು ಲೇಸು. ಅವಸರದಲ್ಲಿ ಮನೆಯವರ ನೆನಪಿಗೆ ಅದು ಬಾರದು.